ನಾಲ್ಕು ವಾರ ಕಳೆಯಿತು, ಒಂದು ಸಾಲು ಕೋಡೂ ಸೇರಿಲ್ಲ

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿ, ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 10 ವಾರಗಳ ಬೇಸಿಗೆ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. 4 ವಾರ ಆಗಿಹೋಯಿತು. ಒಂದೂವರೆ ವಾರ ಕೋಡ್ ನೋಡಲು ಅಕ್ಸೆಸ್ (ಅನುಮತಿ) ಸಿಗಲಿಲ್ಲ, ಆಮೇಲೆ ಅದು ನನ್ನ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಆಗಲು, ಅಂದರೆ ಓಡುವ ಸ್ಥಿತಿಗೆ ಬರಲು, ನಾಲ್ಕು ದಿನ ಹಿಡಿಯಿತು. ಒಳಬಳಕೆಯ ಡ್ಯಾಶ್‌ಬೋರ್ಡಿಗೆ (ಮಾಹಿತಿಯನ್ನು ಒಂದೆಡೆ ತೋರಿಸುವ ಪುಟ) ಫಿಲ್ಟರ್, ಹುಡುಕಾಟ, ಇಮೇಲ್ ಅಲರ್ಟ್, ಮೂರನ್ನೂ ಸೇರಿಸುವುದು ನನ್ನ ಪ್ರಾಜೆಕ್ಟ್. ಕೋಡ್ ತಲೆಗೆ ಹತ್ತುತ್ತಿಲ್ಲ. ಮೆಂಟರ್ ಒಳ್ಳೆಯವರು, ಆದರೆ ಯಾವಾಗಲೂ ಮೀಟಿಂಗ್. ‘ಹೇಗೆ ನಡೀತಿದೆ?’ ಎಂದರೆ ‘ಚೆನ್ನಾಗಿದೆ’ ಅಂದುಬಿಡುತ್ತೇನೆ. ಪಕ್ಕದ ಇಂಟರ್ನ್‌ನ ಕೋಡ್ ಆಗಲೇ ಮೂರು ಸಲ ಮರ್ಜ್ ಆಗಿದೆ, ಅಂದರೆ ತಂಡದ ಕೋಡಿಗೆ ಸೇರಿದೆ. ರಾತ್ರಿ ನಿದ್ದೆ ಬರುವುದಿಲ್ಲ. ಬಿಟ್ಟು ಹೋಗಲೇ?

ಉತ್ತರ: ಬಿಡಬೇಡಿ. ನಿಮ್ಮ ಪತ್ರದಲ್ಲಿ ಹೆದರಬೇಕಾದ ಮಾತು ‘ಚೆನ್ನಾಗಿದೆ’ ಎಂಬುದೊಂದೇ. ಮಿಕ್ಕಿದ್ದೆಲ್ಲ ದೊಡ್ಡ ಕಂಪನಿಗಳಲ್ಲಿ ಮಾಮೂಲು. ಅಲ್ಲಿ ಒಂದೊಂದು ಅನುಮತಿಗೂ ಬೇರೆ ಬೇರೆ ತಂಡ ಸಹಿ ಹಾಕಬೇಕು, ಅದಕ್ಕೇ ಅಕ್ಸೆಸ್ ತಡ. ಬಿಲ್ಡ್ ಸೂಚನೆಗಳನ್ನು ಯಾರೋ ಯಾವಾಗಲೋ ಬರೆದಿಟ್ಟಿರುತ್ತಾರೆ, ಕೋಡ್ ಮುಂದೆ ಹೋಗಿರುತ್ತದೆ, ಸೂಚನೆ ಹಾಗೇ ಉಳಿದಿರುತ್ತದೆ. ಆದರೆ ನೀವು ‘ಚೆನ್ನಾಗಿದೆ’ ಎಂದಾಗ ಮೆಂಟರ್ ಅದನ್ನು ನಂಬಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಎಂಟನೇ ವಾರದಲ್ಲಿ ನಿಜ ಹೊರಬಿದ್ದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಮೊದಲು ದಿನ ಲೆಕ್ಕ ಹಾಕಿ. ಉಳಿದ 6 ವಾರ ಎಂದರೆ 30 ಕೆಲಸದ ದಿನ. ಕೊನೆಯ ವಾರ ಪ್ರೆಸೆಂಟೇಶನ್, ದಾಖಲೆ, ಲ್ಯಾಪ್‌ಟಾಪ್ ಹಿಂದಿರುಗಿಸುವುದರಲ್ಲೇ ಹೋಗುತ್ತದೆ. ಅದರ ಹಿಂದಿನ ವಾರವನ್ನು ರಿವ್ಯೂ (ತಂಡದವರು ನಿಮ್ಮ ಕೋಡ್ ಪರಿಶೀಲಿಸುವುದು) ತಿದ್ದುಪಡಿಗೆ ಮೀಸಲಿಡಿ. ಒಂದು ಬದಲಾವಣೆ ಕಳಿಸಿ, ಟಿಪ್ಪಣಿ ಬಂದು, ತಿದ್ದಿ ಒಪ್ಪಿಗೆ ಪಡೆಯಲು ಎರಡು ಮೂರು ದಿನ ಸಲೀಸಾಗಿ ಬೇಕು. ಹೊಸ ಕೋಡ್ ಬರೆಯಲು ಸಿಗುವುದು 20 ದಿನ. ಅಷ್ಟರಲ್ಲಿ ಮೂರೂ ಆಗುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಫಿಲ್ಟರನ್ನು ಟೆಸ್ಟ್ (ಕೋಡ್ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಕೋಡ್) ಸಮೇತ ಪೂರ್ತಿ ಮುಗಿಸುವುದು, ದಿನ ಉಳಿದರೆ ಹುಡುಕಾಟ, ಅಲರ್ಟಿಗೆ ಒಂದೆರಡು ಪುಟದ ವಿನ್ಯಾಸ ಟಿಪ್ಪಣಿ ಮಾತ್ರ. ಅರೆಬೆಂದ ಮೂರಕ್ಕಿಂತ ಬಳಕೆಗೆ ಬಂದ ಒಂದಕ್ಕೆ ತಂಡದಲ್ಲಿ ಬೆಲೆ ಹೆಚ್ಚು. ಆದರೆ ಈ ಕಡಿತವನ್ನು ನೀವೊಬ್ಬರೇ ಮಾಡಬಾರದು, ಮೆಂಟರ್ ಒಪ್ಪಬೇಕು.

ಹಾಗಾಗಿ ನಾಳೆ ಬೆಳಿಗ್ಗೆಯೇ ಹೀಗೆ ಬರೆಯಿರಿ: ‘ನನಗೆ 30 ನಿಮಿಷ ಬೇಕಿತ್ತು. ಅಕ್ಸೆಸ್ ಮತ್ತು ಬಿಲ್ಡ್‌ನಿಂದ ನಾನು ಅಂದುಕೊಂಡದ್ದಕ್ಕಿಂತ ಹಿಂದಿದ್ದೇನೆ. ಎಲ್ಲಿದ್ದೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಒಂದು ಪುಟ ಬರೆದಿಟ್ಟಿದ್ದೇನೆ. ಮೂರರಲ್ಲಿ ಯಾವುದನ್ನು ಮುಗಿಸಬೇಕೆಂದು ನಿರ್ಧರಿಸಬೇಕಿದೆ.’ ‘ಬಿಡುವಾದಾಗ ಮಾತಾಡೋಣ’ ಎಂದರೆ ಆ ಬಿಡುವು ಬರುವುದೇ ಇಲ್ಲ. ಅವರ ಕ್ಯಾಲೆಂಡರಿನಲ್ಲಿ ಖಾಲಿ ಜಾಗ ನೋಡಿ ಆಹ್ವಾನ ಕಳಿಸಿ. ಅದೇ ಹೊತ್ತನ್ನು ಪ್ರತಿ ವಾರಕ್ಕೂ ಕಾಯ್ದಿರಿಸಬಹುದೇ ಎಂದೂ ಕೇಳಿ. ಮೂರು ದಿನವಾದರೂ ಉತ್ತರವಿಲ್ಲದಿದ್ದರೆ ಮ್ಯಾನೇಜರಿಗೆ ತಿಳಿಸಿ. ಅದು ದೂರು ಹೇಳಿದಂತಲ್ಲ. ಇಂಟರ್ನ್‌ಗಳ ಕೆಲಸ ಎಲ್ಲಿಗೆ ಬಂತೆಂದು ನೋಡುವುದೂ ಅವರ ಹೊಣೆಯೇ.

ಇನ್ನು ಕೋಡ್ ಅರ್ಥವಾಗದಿರುವುದು. ಬಹುಶಃ ನೀವು ಅದನ್ನು ಪಠ್ಯಪುಸ್ತಕದಂತೆ ಮೊದಲ ಪುಟದಿಂದ ಓದುತ್ತಿದ್ದೀರಿ. ಲಕ್ಷಗಟ್ಟಲೆ ಸಾಲುಗಳ ಕೋಡನ್ನು ಹಾಗೆ ಯಾರೂ ಓದುವುದಿಲ್ಲ, ಹತ್ತು ವರ್ಷ ಅಲ್ಲೇ ಇದ್ದವರೂ ಕೂಡ. ಡ್ಯಾಶ್‌ಬೋರ್ಡಿನ ಒಂದು ಬಟನ್ ಹಿಡಿಯಿರಿ. ಅದನ್ನು ಒತ್ತಿದಾಗ ಕೋರಿಕೆ ಯಾವ ಫೈಲಿಗೆ ಹೋಗಿ, ಯಾವ ಫಂಕ್ಷನ್ ದಾಟಿ, ಡೇಟಾಬೇಸ್ ಮುಟ್ಟಿ ಹಿಂದಿರುಗುತ್ತದೆ ಎಂದು ಡೀಬಗರ್ (ಕೋಡನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡುವ ಸಾಧನ) ಹಾಕಿಕೊಂಡು ಬೆನ್ನಟ್ಟಿ, ಕಾಗದದ ಮೇಲೆ ಬಾಣ ಎಳೆಯಿರಿ. ಇನ್ನೂ ಸುಲಭದ ದಾರಿಯೊಂದಿದೆ: ಹಿಂದೆ ಯಾರೋ ಇಂಥದ್ದೇ ಒಂದು ಫಿಲ್ಟರ್ ಸೇರಿಸಿರುತ್ತಾರೆ. ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಇತಿಹಾಸದಲ್ಲಿ ಆ ಬದಲಾವಣೆ ಹುಡುಕಿ, ಅದರ ರಿವ್ಯೂ ಪುಟವನ್ನೂ ತೆರೆಯಿರಿ. ಯಾವ ಫೈಲುಗಳನ್ನು ಮುಟ್ಟಬೇಕು, ಯಾವ ಟೆಸ್ಟ್ ಬರೆಯಬೇಕು, ರಿವ್ಯೂ ಮಾಡಿದವರು ಎಲ್ಲಿ ಆಕ್ಷೇಪಿಸಿದರು, ಎಲ್ಲವೂ ಆ ಎರಡರಲ್ಲಿ ಸಿಗುತ್ತದೆ. ಅರ್ಧ ಕೆಲಸಕ್ಕೆ ಅದೇ ನಕಾಶೆ.

ನಿಮ್ಮ ಮೊದಲ ಬದಲಾವಣೆ ಫಿಲ್ಟರ್ ಆಗದಿರಲಿ. ತಪ್ಪಾದ ದೋಷಸಂದೇಶ, ಬಿಟ್ಟುಹೋದ ಟೆಸ್ಟ್, ಇಲ್ಲವೇ ನಿಮ್ಮ ನಾಲ್ಕು ದಿನ ತಿಂದ ಆ ಹಳೆಯ ಬಿಲ್ಡ್ ಸೂಚನೆಯನ್ನೇ ತಿದ್ದಿ ಕಳಿಸಿ. ಕೋಡ್ ಒಳಸೇರುವ ದಾರಿ ಒಮ್ಮೆ ತಿಳಿದರೆ ಭಯದ ಮುಕ್ಕಾಲು ಪಾಲು ಹೋಗುತ್ತದೆ. ಮುಂದಿನವನ್ನೂ 100-150 ಸಾಲಿನೊಳಗೆ ತುಂಡು ಮಾಡಿ. 800 ಸಾಲು ಒಟ್ಟಿಗೆ ಕಳಿಸಿದರೆ ರಿವ್ಯೂ ಮಾಡುವವರು ‘ಸಂಜೆ ನೋಡೋಣ’ ಎಂದು ಮುಂದೂಡುತ್ತಾರೆ, ಆ ಸಂಜೆ ಬರುವಷ್ಟರಲ್ಲಿ ವಾರ ಮುಗಿದಿರುತ್ತದೆ. ಇಪ್ಪತ್ತು ಟಿಪ್ಪಣಿ ಬಂದರೆ ಅವಮಾನವೆಂದುಕೊಳ್ಳಬೇಡಿ. ಹಿರಿಯರ ಕೋಡಿಗೂ ಬರುತ್ತವೆ, ಹೋಗಿ ನೋಡಿ.

ಪ್ರಶ್ನೆ ಕೇಳಲು ಸಂಕೋಚವೇ? 45 ನಿಮಿಷ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಕೇಳಲೇಬೇಕೆಂದು ನಿಯಮ ಹಾಕಿಕೊಳ್ಳಿ. ‘ಸರ್, ರನ್ ಆಗ್ತಿಲ್ಲ’ ಎಂದರೆ ಉತ್ತರಿಸುವವರು ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಏನು ಮಾಡಲು ಹೊರಟಿರಿ, ಏನಾಗಬೇಕಿತ್ತು, ಏನಾಯಿತು, ಆಗಲೇ ಏನೇನು ಪ್ರಯತ್ನಿಸಿದಿರಿ, ಇವನ್ನು ನೀವೇ ಬರೆದು ದೋಷಸಂದೇಶವನ್ನು ಪೂರ್ತಿ ಅಂಟಿಸಿ. ಮೆಂಟರಿಗೊಬ್ಬರಿಗೇ ಅಲ್ಲ, ತಂಡದ ಚಾನೆಲ್ಲಿನಲ್ಲಿ ಹಾಕಿ. ಬಿಡುವಾಗಿರುವ ಯಾರಾದರೂ ಉತ್ತರಿಸುತ್ತಾರೆ. ‘ಹಲೋ’ ಎಂದಷ್ಟೇ ಬರೆದು ಕಾಯುತ್ತ ಕೂರುವುದಂತೂ ಬೇಡವೇ ಬೇಡ.

ನಿದ್ದೆಯಿಲ್ಲದ ರಾತ್ರಿಗಳಲ್ಲಿ ಕಂಪನಿಯ ಕೋಡನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವ, ಹೊರಗಿನ ಚಾಟ್‌ಬಾಟ್‌ಗೆ ಅಂಟಿಸುವ ಆಸೆ ಬರಬಹುದು. ನಿಧಾನಗತಿಯಿಂದ ಇಂಟರ್ನ್‌ಶಿಪ್ ಹಾಳಾಗುವುದು ಅಪರೂಪ, ಕಂಪನಿಯ ಕೋಡ್ ಹೊರಹೋಗುವ ಇಂಥ ತಪ್ಪಿನಿಂದ ಒಂದೇ ದಿನದಲ್ಲಿ ಹಾಳಾಗಬಹುದು. ರೆಸ್ಯೂಮೆಯಲ್ಲಿ ಏನು ಬರೆಯಬಹುದು ಎಂಬುದನ್ನೂ ಮ್ಯಾನೇಜರನ್ನು ಮೇಲ್‌ನಲ್ಲೇ ಕೇಳಿಟ್ಟುಕೊಳ್ಳಿ.

ಪಕ್ಕದವರ ಮೂರು ಮರ್ಜ್ ನಿಮಗೆ ಅಳತೆಗೋಲಲ್ಲ. ಅವರ ಪ್ರಾಜೆಕ್ಟಿನ ಗಾತ್ರ, ಅಕ್ಸೆಸ್ ಸಿಕ್ಕ ದಿನ ಎರಡೂ ಬೇರೆ ಇರಬಹುದು. ಇಂಟರ್ನ್‌ಶಿಪ್ ನಂತರದ ಉದ್ಯೋಗದ ಆಫರ್ ನಿಮ್ಮ ಕೆಲಸದ ಮೇಲಷ್ಟೇ ನಿಂತಿಲ್ಲ, ಆ ತಂಡದಲ್ಲಿ ಹುದ್ದೆ ಖಾಲಿ ಇದೆಯೇ ಎಂಬುದರ ಮೇಲೂ ನಿಂತಿದೆ. ನೀವು ಕೇಳಬಹುದಾದದ್ದು ಇಷ್ಟು, ಐದನೇ ವಾರದಲ್ಲೇ ಮ್ಯಾನೇಜರನ್ನು ಕೇಳಿ: ‘ಇವತ್ತೇ ಮೌಲ್ಯಮಾಪನ ಬರೆಯಬೇಕಾದರೆ ನನ್ನ ಬಗ್ಗೆ ಏನು ಬರೆಯುತ್ತೀರಿ? ಯಾವುದು ಬದಲಾಗಬೇಕು?’ ಇಷ್ಟೆಲ್ಲ ಮಾಡಿದ ಮೇಲೂ ಇನ್ನೆರಡು ವಾರ ನಿದ್ದೆ ಬರದಿದ್ದರೆ ವೈದ್ಯರನ್ನೋ ಕಾಲೇಜಿನ ಆಪ್ತಸಮಾಲೋಚಕರನ್ನೋ ಕಾಣಿ.

ಕೊನೆಯ ವಾರದ ಮಾತೊಂದು ಈಗಲೇ ಹೇಳಿಬಿಡುತ್ತೇವೆ. ಪ್ರೆಸೆಂಟೇಶನ್ ಹೊತ್ತಿಗೇ ಟೆಸ್ಟ್ ಸರ್ವರ್ ಕೈಕೊಡುವುದುಂಟು. ಹಿಂದಿನ ದಿನವೇ, ಕಂಪನಿಯ ಲ್ಯಾಪ್‌ಟಾಪಿನಲ್ಲೇ, ಫಿಲ್ಟರ್ ಕೆಲಸ ಮಾಡುವ 2 ನಿಮಿಷದ ವಿಡಿಯೊ ರೆಕಾರ್ಡ್ ಮಾಡಿಟ್ಟಿರಿ.