ಟ್ಯಾಲಿಯ ಆರಂಭಿಕ ಶಿಲ್ಕಿನ ವ್ಯತ್ಯಾಸ: ಮೊದಲು ಕಾಗದದ ಮೇಲೆ ಹುಡುಕಿ

ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯಲ್ಲಿ, ಬ್ಯಾಲೆನ್ಸ್ ಶೀಟಿನಲ್ಲಿ (ಆಸ್ತಿ-ಹೊಣೆಗಳ ಪಟ್ಟಿ) ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ (ಆರಂಭಿಕ ಶಿಲ್ಕುಗಳ, ಅಂದರೆ ಆರಂಭದ ಬಾಕಿ ಮೊತ್ತಗಳ, ವ್ಯತ್ಯಾಸ) ಎಂದು 5,400 ರೂಪಾಯಿ ಕಾಣುತ್ತಿದೆ, ಅದನ್ನು ಹೇಗೆ ಹುಡುಕುವುದು ಎಂದು ಕೇಳಿದ್ದೀರಿ. ಅದರ ಮೂಲ ಬಹುಶಃ ಲೆಡ್ಜರ್ (ಖಾತೆ) ತೆರೆಯುವಾಗ ನಮೂದಿಸಿದ ಆರಂಭಿಕ ಶಿಲ್ಕುಗಳಲ್ಲಿದೆ. ಏಕೆಂದರೆ ಡೆಬಿಟ್, ಕ್ರೆಡಿಟ್ ಸಮವಾಗದ ವೋಚರನ್ನು (ವ್ಯವಹಾರದ ನಮೂದು) ಟ್ಯಾಲಿ ಸ್ವೀಕರಿಸುವುದೇ ಇಲ್ಲ. ಮೊದಲು, ಕಳೆದ ವರ್ಷದ ಬ್ಯಾಲೆನ್ಸ್ ಶೀಟನ್ನು ಪಕ್ಕದಲ್ಲಿಟ್ಟುಕೊಂಡು, ಟ್ಯಾಲಿಯಲ್ಲಿರುವ ಪ್ರತಿಯೊಂದು ಆರಂಭಿಕ ಶಿಲ್ಕನ್ನೂ ಕಾಗದದ ಮೇಲೆ ಡೆಬಿಟ್, ಕ್ರೆಡಿಟ್ ಎಂಬ ಎರಡು ಕಾಲಮ್ಮುಗಳಲ್ಲಿ ಕೈಯಿಂದಲೇ ಬರೆದು ಕೂಡಿಸಿ. ಬಳಿಕ 2,700 ರೂಪಾಯಿಯ ಶಿಲ್ಕೊಂದು ತಪ್ಪು ಬದಿಗೆ ಸೇರಿದೆಯೇ ಎಂದು ಹುಡುಕಿ, ಏಕೆಂದರೆ ಬದಿ ತಪ್ಪಿದ ಮೊತ್ತ ವ್ಯತ್ಯಾಸದಲ್ಲಿ ಇಮ್ಮಡಿಯಾಗಿ ಕಾಣಿಸುತ್ತದೆ. ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸದಂತೆ 5,400 ಕೂಡ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ, 1,700 ಇರಬೇಕಾದಲ್ಲಿ 7,100 ಎಂಬಂತೆ ಅಂಕಿಗಳು ಅದಲುಬದಲಾಗಿರಲೂಬಹುದು. ದಾಸ್ತಾನಿನ ಆರಂಭಿಕ ಮೌಲ್ಯದಲ್ಲಿ ದೋಷವಿದೆಯೇ ಎಂಬುದನ್ನು ಫೈಲು ನೋಡದೆ ಖಚಿತವಾಗಿ ಹೇಳಲಾರೆ. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಮೂಲ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ಹಾಕಿ ಮುಚ್ಚಲು ಮಾತ್ರ ದಯವಿಟ್ಟು ಹೋಗಬೇಡಿ.

ನೀವಿನ್ನೂ ಲೆಕ್ಕ ಕಲಿಯುತ್ತಿರುವುದರಿಂದ, ಒಂದು ತಿಂಗಳ ವ್ಯವಹಾರವನ್ನಾದರೂ, ದಿನದಿನದ ನಮೂದು ಬರೆಯುವ ಜರ್ನಲ್‌ನಿಂದ ಎಲ್ಲ ಖಾತೆಗಳ ಶಿಲ್ಕುಗಳನ್ನು ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್‌ವರೆಗೆ ಕೈಬರಹದಲ್ಲಿ ಮುಗಿಸಿ, ಆಮೇಲೆ ಟ್ಯಾಲಿಯ ವರದಿಯೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿ.