ಕಟ್ಟಡಕ್ಕೆ ತಡೆ ಸರಿ, ದಿನಾಂಕ ಎಲ್ಲಿದೆ?

ಓದುಗರೊಬ್ಬರ ಪತ್ರ: ‘ಹೊಸ ಭೂಬಳಕೆ ಯೋಜನೆ ಸಿದ್ಧವಾಗುವವರೆಗೆ ನಮ್ಮ ನಗರಸಭೆ ಹೊಸ ಕಟ್ಟಡಗಳಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಿದೆ. ನಾನು ಸಾಲ ಮಾಡಿ ನಿವೇಶನ ಕೊಂಡಿದ್ದೇನೆ. ಮನೆಯ ನಕ್ಷೆ ಸಿದ್ಧವಿದೆ, ಬಡ್ಡಿ ಏರುತ್ತಿದೆ. ಯೋಜನೆ ಮಾಡುವುದು ಅವರ ಕೆಲಸ. ಅದಕ್ಕೆ ನನ್ನ ಮನೆ ಏಕೆ ಕಾಯಬೇಕು? ಕಟ್ಟುವವರು ಕಟ್ಟುತ್ತಿರಲಿ, ಯೋಜಿಸುವವರು ಯೋಜಿಸುತ್ತಿರಲಿ ಎಂದರೆ ಆಗದೇ? ಪರಿಹಾರ ಕೊಡದೆ ನನ್ನ ಜಾಗವನ್ನು ಕಿತ್ತುಕೊಂಡಂತಾಗಲಿಲ್ಲವೇ?’

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಗರಸಭೆ ನಿಮ್ಮ ಮನೆಯನ್ನು ನಿಲ್ಲಿಸಿದೆ, ನಿಮ್ಮ ಬಡ್ಡಿಯನ್ನು ಯಾರೂ ನಿಲ್ಲಿಸಿಲ್ಲ. ಈ ಕಷ್ಟ ಸಣ್ಣದಲ್ಲ. ಆದರೂ ಇಂಥ ತಡೆ ಬೇಕು ಎನ್ನುವವರ ಜೊತೆ ನಾನಿದ್ದೇನೆ, ಒಂದು ಷರತ್ತಿನ ಮೇಲೆ. ಮೊದಲು ತಡೆ ಏಕೆ ಬೇಕು ಎನ್ನುವುದನ್ನು ಹೇಳಿಬಿಡುತ್ತೇನೆ.

ಕರಡು ಯೋಜನೆ ಗುಟ್ಟಾಗಿ ಉಳಿಯುವ ಕಾಗದವಲ್ಲ, ಉಳಿಯಲೂಬಾರದು. ಹಳ್ಳದ ಅಂಚಿನಲ್ಲಿ ಇನ್ನು ಮುಂದೆ ಎರಡೇ ಅಂತಸ್ತು ಎಂಬ ಸುದ್ದಿ ಹೊರಬಿದ್ದರೆ, ಮರುದಿನವೇ ಪರವಾನಗಿ ಕೌಂಟರಿನ ಮುಂದೆ ಐದು ಅಂತಸ್ತಿನ ನಕ್ಷೆಗಳು ಸಾಲುಗಟ್ಟುತ್ತವೆ. ನಿನ್ನೆಯವರೆಗೆ ಕಟ್ಟುವ ಯೋಚನೆಯೇ ಇಲ್ಲದವರೂ ಅರ್ಜಿ ಹಿಡಿದು ಓಡಿ ಬರುತ್ತಾರೆ. ಅವರನ್ನು ದೂರುವಂತಿಲ್ಲ, ಕಾನೂನೇ ಅವರನ್ನು ಓಡಿಸುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪರಿಪೂರ್ಣ ಅರ್ಜಿ ಸಲ್ಲಿಸಿದ ದಿನ ಯಾವ ನಿಯಮ ಜಾರಿಯಲ್ಲಿರುತ್ತದೋ ಅದೇ ನಿಯಮದಡಿ ಕಟ್ಟುವ ಹಕ್ಕು ಅರ್ಜಿದಾರರಿಗೆ ಸಿಗುತ್ತದೆ. ಆಮೇಲೆ ನಿಯಮ ಬದಲಾದರೂ ಅದು ಅವರನ್ನು ಮುಟ್ಟದು. ಹೀಗಿರುವಾಗ ಜನರ ಅಹವಾಲು ಕೇಳಲು ಹೆಚ್ಚು ಸಮಯ ಕೊಟ್ಟಷ್ಟೂ ಹೆಚ್ಚು ಜಾಗ ಹಳೆಯ ನಿಯಮದ ಪಾಲಾಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಯೋಜನೆ ಕೈಗೆ ಬರುವ ಹೊತ್ತಿಗೆ ಯೋಜಿಸಲು ಏನೂ ಉಳಿದಿರುವುದಿಲ್ಲ. ತಡೆ ಇದ್ದರೆ ನಿಮ್ಮಂಥವರು ಸಭೆಗೆ ಬಂದು ಮಾತನಾಡುವುದಕ್ಕೂ ಬಿಡುವು ಸಿಗುತ್ತದೆ.

ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಬಿಳಿ ತಟ್ಟೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿರುವ ಟಾಹೋ ಸರೋವರದಲ್ಲಿ, ದೋಣಿಯಿಂದ ಸುಮಾರು 25 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆಯೊಂದನ್ನು ಹಗ್ಗ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಅದು ಕಣ್ಣಿಗೆ ಕಾಣದಾದ ಆಳವೇ ಆ ದಿನದ ತಿಳಿನೀರಿನ ಅಳತೆ. 1968ರಲ್ಲಿ ಅದರ ವಾರ್ಷಿಕ ಸರಾಸರಿ 31 ಮೀಟರ್ ಇತ್ತು. ಈಚಿನ ವರ್ಷಗಳಲ್ಲಿ 20 ಮೀಟರ್ ಆಸುಪಾಸಿನಲ್ಲಿದೆ. ಸುತ್ತಲಿನ ಇಳಿಜಾರಿನಲ್ಲಿ ಮನೆ, ರಸ್ತೆ, ವಾಹನ ನಿಲುಗಡೆಯ ಜಾಗ ಹೆಚ್ಚಿದಂತೆ ಮಳೆನೀರು, ಹಿಮದ ನೀರು ನೆಲಕ್ಕೆ ಇಂಗುವುದು ಕಡಿಮೆಯಾಯಿತು. ಅದು ಮಣ್ಣನ್ನೂ ಸಾರಜನಕ, ರಂಜಕಗಳನ್ನೂ ಹೊತ್ತು ಸರೋವರಕ್ಕಿಳಿಯಿತು, ಪಾಚಿ ಬೆಳೆಯಿತು. ಯಾವ ಒಂದು ಮನೆಯನ್ನೂ ಬೆರಳು ತೋರಿಸಿ ಇದೇ ಕಾರಣ ಎನ್ನುವಂತಿರಲಿಲ್ಲ. ಯಾವ ಇಳಿಜಾರು ಎಷ್ಟು ಕಟ್ಟಡವನ್ನು ತಾಳಿಕೊಳ್ಳುತ್ತದೆ ಎಂದು ಲೆಕ್ಕ ಹಾಕದೆ ಮುಂದಿನ ಪರವಾನಗಿ ಕೊಡುವಂತೆಯೂ ಇರಲಿಲ್ಲ. ಆದ್ದರಿಂದ ಅಲ್ಲಿನ ಪ್ರಾದೇಶಿಕ ಯೋಜನಾ ಸಂಸ್ಥೆ 1981ರ ಆಗಸ್ಟ್‌ನಿಂದ 1984ರ ಏಪ್ರಿಲ್‌ವರೆಗೆ, ಒಟ್ಟು 32 ತಿಂಗಳು, ಸೂಕ್ಷ್ಮ ಜಾಗಗಳಲ್ಲಿ ಕಟ್ಟುವುದನ್ನು ನಿಲ್ಲಿಸಿತು.

ಖಾಲಿ ನಿವೇಶನಗಳ ಮಾಲೀಕರು ಸುಮಾರು 400 ಜನ ನ್ಯಾಯಾಲಯಕ್ಕೆ ಹೋದರು. ಅವರು ಕೇಳಿದ್ದೂ ನಿಮ್ಮ ಪ್ರಶ್ನೆಯನ್ನೇ. 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಹೇಳಿದ್ದು ಇಷ್ಟು: ಯೋಜನೆಗಾಗಿ ಹಾಕಿದ ತಾತ್ಕಾಲಿಕ ತಡೆ ಎಂಬ ಒಂದೇ ಕಾರಣಕ್ಕೆ ಅದು ಆಸ್ತಿ ಕಿತ್ತುಕೊಂಡಂತೆ ಆಗುವುದಿಲ್ಲ, ಅವಧಿ, ಉದ್ದೇಶ, ಮಾಲೀಕರಿಗಾದ ನಷ್ಟ ಎಲ್ಲವನ್ನೂ ತೂಗಿ ನೋಡಬೇಕು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರೇ, ಒಂದು ವರ್ಷ ಮೀರಿದ ತಡೆಯನ್ನು ವಿಶೇಷ ಅನುಮಾನದಿಂದ ನೋಡಬೇಕಾದೀತು ಎಂಬ ಮಾತನ್ನೂ ಸೇರಿಸಿದರು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ 32 ತಿಂಗಳ ಲೆಕ್ಕವನ್ನೇ ಒಪ್ಪಲಿಲ್ಲ. 1984ರಲ್ಲಿ ಯೋಜನೆ ಬಂದ ಕೂಡಲೇ ಅದರ ಮೇಲೆ ಮೊಕದ್ದಮೆ ಬಿತ್ತು, ನ್ಯಾಯಾಲಯದ ತಡೆಯಾಜ್ಞೆ ಬಂತು, ಹೊಸ ಯೋಜನೆ ಬರುವಾಗ 1987 ಆಗಿತ್ತು. ಮಾಲೀಕರ ಪಾಲಿಗೆ ಅದು ಸುಮಾರು ಆರು ವರ್ಷ. ತೀರ್ಪು ಸರಿ ಎಂದೇ ನಾನು ನಂಬಿದ್ದೇನೆ. ಆದರೆ ಆ ಆರು ವರ್ಷ ನನ್ನನ್ನು ಕಾಡುತ್ತದೆ. ನಿವೃತ್ತಿಯ ಮನೆಗೆಂದು ಜಾಗ ಕೊಂಡವರಿಗೆ ಆರು ವರ್ಷ ಎಂದರೆ ಏನು ಎನ್ನುವುದನ್ನು ಯೋಜನೆ ಮಾಡುವವರು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು.

ಪರಿಹಾರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತಾತ್ಕಾಲಿಕವಾಗಿ ಕಿತ್ತುಕೊಂಡರೂ ಪರಿಹಾರ ಕೊಡಬೇಕು ಎಂದು ಅದೇ ನ್ಯಾಯಾಲಯ 1987ರಲ್ಲಿ ಹೇಳಿತ್ತು. ಲಾಸ್ ಏಂಜಲೀಸ್ ಕೌಂಟಿಯ ಕಣಿವೆಯೊಂದರಲ್ಲಿ ಪ್ರವಾಹಕ್ಕೆ ಕೊಚ್ಚಿಹೋದ ಚರ್ಚ್ ಶಿಬಿರವನ್ನು ಮತ್ತೆ ಕಟ್ಟದಂತೆ ತಡೆದ ಪ್ರಕರಣ ಅದು. ಆದರೆ ಪ್ರಕರಣ ಮರಳಿ ರಾಜ್ಯದ ನ್ಯಾಯಾಲಯಕ್ಕೆ ಹೋದಾಗ, ಜನರ ಜೀವ ಕಾಯಲು ಹಾಕಿದ ತಡೆ ಕಿತ್ತುಕೊಂಡಂತೆ ಅಲ್ಲ ಎಂಬ ತೀರ್ಮಾನವಾಗಿ, ಚರ್ಚ್‌ಗೆ ಪರಿಹಾರ ಸಿಗಲಿಲ್ಲ.

ಇನ್ನು ನನ್ನ ಷರತ್ತು. ತಡೆಗೆ ಕೊನೆಯ ದಿನಾಂಕ ಇರಬೇಕು, ಆ ದಿನಾಂಕದೊಳಗೆ ಮುಗಿಯಬೇಕಾದ ಕೆಲಸದ ಪಟ್ಟಿ ಅದರ ಜೊತೆಗೇ ಪ್ರಕಟವಾಗಬೇಕು. ಇದು ಅತಿಯಾಸೆಯಲ್ಲ, ಹಲವು ಕಡೆ ಕಾನೂನೇ ಹೀಗಿದೆ. ಕ್ಯಾಲಿಫೋರ್ನಿಯಾದಲ್ಲಿ ತುರ್ತು ತಡೆ ಹಾಕಲು ಸಭೆಯ ಐದರಲ್ಲಿ ನಾಲ್ಕು ಪಾಲು ಮತ ಬೇಕು, ಅದೂ ಮೊದಲಿಗೆ 45 ದಿನಕ್ಕೆ ಮಾತ್ರ. ವಿಸ್ತರಿಸುತ್ತಾ ಹೋದರೂ ಎರಡು ವರ್ಷ ಮೀರುವಂತಿಲ್ಲ. ಅವಧಿ ಮುಗಿಯುವ ಹತ್ತು ದಿನ ಮೊದಲು, ಇಷ್ಟು ದಿನ ಏನು ಮಾಡಿದೆವು ಎಂದು ನಗರಸಭೆ ಲಿಖಿತ ವರದಿ ಕೊಡಬೇಕು. ನನಗೆ ಬಹಳ ಹಿಡಿಸಿದ ಅಂಶ ಇದು. ವಾಷಿಂಗ್ಟನ್ ರಾಜ್ಯದಲ್ಲಿ ಆರು ತಿಂಗಳು. ಕೆಲಸದ ವಿವರ ಸಿದ್ಧಪಡಿಸಿದರೆ ಒಂದು ವರ್ಷದವರೆಗೆ. ಕೆನಡಾದ ಒಂಟಾರಿಯೊದಲ್ಲಿ ಒಂದು ವರ್ಷ, ವಿಸ್ತರಿಸಿದರೆ ಒಟ್ಟು ಎರಡು.

ಮಿತಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಬೊಲಿನಾಸ್ ಎಂಬ ಕಡಲತೀರದ ಊರನ್ನು ನೋಡಿ. ನೀರು ಸಾಲದೆಂದು 1971ರಲ್ಲಿ ಹೊಸ ನೀರಿನ ಮೀಟರ್ ಕೊಡುವುದನ್ನು ನಿಲ್ಲಿಸಿದರು. ಮೀಟರ್ ಇಲ್ಲದೆ ಮನೆ ಇಲ್ಲ. ಆ ತಡೆ ಅರ್ಧ ಶತಮಾನವನ್ನು ದಾಟಿತು. ನೀರಿನ ಕೊರತೆ ಸುಳ್ಳಲ್ಲ. ಆದರೆ ಇಂಥ ತಡೆಯ ಲಾಭ ಮೊದಲೇ ಮನೆ ಇದ್ದವರಿಗೆ, ನಷ್ಟ ಬಾಡಿಗೆಯವರಿಗೆ ಮತ್ತು ಇನ್ನೂ ಊರಿಗೆ ಬಾರದವರಿಗೆ. ಊರಿಗೆ ಬಾರದವರು ನಗರಸಭೆಯ ಚುನಾವಣೆಯಲ್ಲಿ ಮತ ಹಾಕುವುದಿಲ್ಲ. ವಸತಿಯ ಅಭಾವ ತೀವ್ರವಾದ ಮೇಲೆ ಅದೇ ರಾಜ್ಯ 2019ರಲ್ಲಿ ಕಾನೂನು ತಂದು, ಹೆಚ್ಚಿನ ನಗರಗಳು ಮನೆ ನಿರ್ಮಾಣಕ್ಕೆ ಇಂಥ ತಡೆ ಹಾಕುವುದನ್ನು ಬಿಗಿಯಾಗಿ ನಿರ್ಬಂಧಿಸಬೇಕಾಯಿತು.

ನಿಮ್ಮ ನಗರಸಭೆಯ ಗೊತ್ತುವಳಿಯ ಪ್ರತಿ ಪಡೆದು ಓದಿ. ತಡೆ ಇಡೀ ನಗರಕ್ಕೋ, ಗಡಿ ಗುರುತಿಸಿದ ಪ್ರದೇಶಕ್ಕೋ ನೋಡಿ. ಒಂದು ಹಳ್ಳದ ಅಂಚಿನ ಸಮಸ್ಯೆಗೆ ಊರನ್ನೆಲ್ಲ ನಿಲ್ಲಿಸಿದ್ದರೆ ಅದನ್ನು ಸಭೆಯಲ್ಲಿ ಪ್ರಶ್ನಿಸಲು ನಿಮಗೆ ಬಲವಾದ ಕಾರಣವಿದೆ. ದುರಸ್ತಿಗೆ, ಇರುವ ಮನೆಗೆ ಕೋಣೆ ಸೇರಿಸುವುದಕ್ಕೆ, ವಿಶೇಷ ಕಷ್ಟದಲ್ಲಿರುವವರಿಗೆ ವಿನಾಯಿತಿ ಕೊಡುವ ಅಂಶ ಇಂಥ ಆದೇಶಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ನಕ್ಷೆ, ಸಾಲದ ಪತ್ರಗಳ ಸಮೇತ ಆ ವಿನಾಯಿತಿಗೆ ಲಿಖಿತ ಅರ್ಜಿ ಹಾಕಿ, ಸ್ವೀಕೃತಿ ಪಡೆಯಿರಿ. ಗಾಬರಿಯಲ್ಲಿ ನಿವೇಶನ ಮಾರಬೇಡಿ. ತಡೆಯ ಕಾಲದಲ್ಲಿ ಅಗ್ಗಕ್ಕೆ ಕೊಳ್ಳಲು ಕಾದಿರುವವರು ಇರುತ್ತಾರೆ. ಗೊತ್ತುವಳಿಯ ಪ್ರತಿಯನ್ನು ನಮಗೂ ಕಳುಹಿಸಿಕೊಡಿ. ಅದರಲ್ಲಿ ಕೊನೆಯ ದಿನಾಂಕ ಇಲ್ಲದಿದ್ದರೆ, ಮುಂದಿನ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ನಗರಸಭೆಗೆ ನಾವೇ ಕೇಳುತ್ತೇವೆ.