ಕುಡಿದು ಬಿದ್ದ ರೂಮ್‌ಮೇಟನ್ನು ಹಾಗೇ ಮಲಗಲು ಬಿಡಬಹುದಾ?

ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಎಂ.ಎಸ್ಸಿ. ಓದುತ್ತಿದ್ದೀರಿ. ಶನಿವಾರ ಬಂತೆಂದರೆ ರೂಮ್‌ಮೇಟ್ ಅರ್ಧ ಗಂಟೆಯಲ್ಲಿ ಒಂದು ಕ್ವಾರ್ಟರ್ ಮುಗಿಸಿ ಬೀಳುತ್ತಾನೆ. ‘ಮಲಗ್ಲಿ ಬಿಡು, ಬೆಳಿಗ್ಗೆ ಇಳಿಯುತ್ತೆ’ ಅಂತ ಉಳಿದವರು. ಬಿಡಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಒಬ್ಬನೇ ಮಲಗಲು ಬಿಡಬೇಡಿ. ನಾನು ಕ್ಯಾಶುವಾಲ್ಟಿಯಲ್ಲಿ ಸ್ಟಾಫ್ ನರ್ಸ್. ‘ರಾತ್ರಿ ಚೆನ್ನಾಗೇ ಮಲಗಿದ್ದ ಸಾರ್’ ಅನ್ನುವ ಮಾತನ್ನು ಬೇಕಾದಷ್ಟು ಕೇಳಿದ್ದೇನೆ.

ಕ್ವಾರ್ಟರ್ ಅಂದರೆ 180 ಮಿ.ಲೀ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 42.8. ತೂಕದಲ್ಲಿ ಹೇಳುವುದಾದರೆ ಸುಮಾರು 60 ಗ್ರಾಂ. ಒಮ್ಮೆ ಕೂತಾಗ 60 ಗ್ರಾಂ ಮುಟ್ಟಿದರೆ ಅದು ವಿಪರೀತ ಕುಡಿತ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ಬರೀ ಎರಡು ನೈಂಟಿ ಮಾರಾಯ’ ಅನ್ನುತ್ತಾರಲ್ಲ, ಅದೇ ಗೆರೆ! ಲಿವರ್ ಗಂಟೆಗೆ ಏಳೆಂಟು ಗ್ರಾಂ ಕರಗಿಸಿದರೆ ಹೆಚ್ಚು. ಗಡಿಬಿಡಿಯಲ್ಲಿ ಇಳಿಸಿದ್ದು ಹೊಟ್ಟೆಯಲ್ಲೇ ಕೂತಿರುತ್ತದೆ. ಹುಡುಗ ಬಿದ್ದ ಮೇಲೂ ರಕ್ತಕ್ಕೆ ಸೇರುತ್ತಲೇ ಹೋಗುತ್ತದೆ.

ವಾಂತಿಯಿಂದಲೇ ಜೀವ ಹೋಗಬಹುದು. ಅಂಗಾತ ಮಲಗಿದವನ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ, ಕೆಮ್ಮಿ ಹೊರಹಾಕುವಷ್ಟು ಎಚ್ಚರ ಅವನಿಗಿರುವುದಿಲ್ಲ. ಅದಕ್ಕೇ ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಚಿ, ಬಾಯಿ ನೆಲದ ಕಡೆ ವಾಲುವಂತೆ ಇಡಿ. ಪಕ್ಕದಲ್ಲಿ ಕುಡಿಯದ ಒಬ್ಬರು ಕೂತಿರಬೇಕು. ನಿಂಬೆಹಣ್ಣಿನ ರಸ, ಮಜ್ಜಿಗೆ, ಕಾಫಿ ಏನನ್ನೂ ಬಾಯಿಗೆ ಹುಯ್ಯಬೇಡಿ, ಬೆರಳು ಹಾಕಿ ವಾಂತಿ ಮಾಡಿಸಲೂ ಬೇಡಿ. ತಣ್ಣೀರು ಎರಚುವುದಂತೂ ಮಳೆಗಾಲದ ಮಲೆನಾಡಿನಲ್ಲಿ ಇನ್ನೂ ಕೇಡು. ‘ಚಳಿಗೆ ಒಂದು ಪೆಗ್’ ಅನ್ನುವ ಮಾತು ನಮ್ಮ ಕಡೆ ಹಳೆಯದು, ಆದರೆ ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಮೈಯ ಕಾವು ಹೊರಗೆ ಹೋಗುತ್ತದೆ. ಬೆಚ್ಚಗೆ ಹೊದಿಸಿ.

ಚಿವುಟಿ ಕೂಗಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿಯಾದರೆ ಅಥವಾ ಹತ್ತು ಸೆಕೆಂಡು ನಿಂತು ನಿಂತು ಬಂದರೆ, ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಇವುಗಳಲ್ಲಿ ಒಂದಾದರೂ ಸಾಕು, ಎಲ್ಲ ಕಾಣಿಸಲಿ ಅಂತ ಕಾಯಬೇಡಿ. ಮೆಗ್ಗಾನ್ ಆಸ್ಪತ್ರೆ ಊರೊಳಗೇ ಇದೆ. ಓನರ್‌ಗೆ, ಮನೆಯವರಿಗೆ ಗೊತ್ತಾಗುತ್ತೆ ಅನ್ನುವ ಹೆದರಿಕೆಯಲ್ಲೇ ಅರ್ಧ ರಾತ್ರಿ ಕಳೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎಷ್ಟು ಕುಡಿದ, ಎಷ್ಟೊತ್ತಿಗೆ, ಜೊತೆಗೆ ಮಾತ್ರೆ ಏನಾದರೂ ನುಂಗಿದ್ದನಾ ಎಂದು ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ.

ಈ ಕುಡಿತ ಬಿಡಿಸುವುದು ಹೇಗೆ ಅಂತಲೂ ಕೇಳಿದ್ದೀರಿ. ಅಮಲಿಳಿದ ಮೇಲೆ ನೀವಿಬ್ಬರೇ ಕೂತು ಮಾತಾಡಿ. ಅವನು ಒಪ್ಪಿದರೆ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. 60 ಕೆಜಿಯ ಹುಡುಗ ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದ್ದರೆ, ಬೆಳಿಗ್ಗೆ ಆರಕ್ಕೂ ಅವನ ರಕ್ತದಲ್ಲಿ, ಗಾಡಿ ಓಡಿಸಲು ಕಾನೂನಿನ ಮಿತಿಯಾದ 100 ಮಿ.ಲೀ.ಗೆ 30 ಮಿ.ಗ್ರಾಂ ದಾಟಿದಷ್ಟು ಆಲ್ಕೋಹಾಲ್ ಉಳಿದಿರಬಹುದು. ಭಾನುವಾರ ಜೋಗಕ್ಕೆ ಅಂತ ಬೈಕ್ ಕೀ ಹುಡುಕಿದರೆ ಕೊಡಬೇಡಿ. ಸಾಗರದ ಬಸ್ಸಿಗೆ ಬರವಿಲ್ಲ.